ಸುಣ್ಣದಕ್ಕ ಮಾತು ಬಿಟ್ಟ ಹನ್ನೊಂದು ದಿನ

ಕೋಟೆಯ ಉತ್ತರ ಬಾಗಿಲಿನಿಂದ ಎಡಕ್ಕೆ ಎಣಿಸಿದರೆ ಮೂರನೆಯ ಕೋಣೆ. ಸುಣ್ಣದಕ್ಕ ಹುಟ್ಟಿದ್ದು ಅಲ್ಲಿ, ಒಂದು ಕಣ್ಣು ಕಳೆದುಕೊಂಡದ್ದು ಅದರ ಅಂಗಳದಲ್ಲಿ, ಅರವತ್ತೆರಡು ವರ್ಷ ಬಾಳಿದ್ದೂ ಅಲ್ಲೇ. ಅದು ಮನೆಯೆಂದು ಕಟ್ಟಿದ್ದಲ್ಲ. ಪರದೇಶದ ದೊರೆಗಳ ಕಾಲದಲ್ಲಿ ಆ ಊರು ರಾಜ್ಯದ ಅಂಚಿನಲ್ಲಿತ್ತು. ಎದುರಿನ ಗುಡ್ಡಸಾಲಿನ ಆಚೆ ಬೇರೆಯವರ ಆಳ್ವಿಕೆ. ಅಲ್ಲಿಂದ ದಂಡು ಇಳಿದು ಬಂದೀತೆಂಬ ಭಯಕ್ಕೆ ಕೋಟೆ ಎಬ್ಬಿಸಿದರು, ಗೋಡೆಯ ಒಳಮೈಗೆ ಅಂಟಿಸಿ ಕಾವಲಿನವರಿಗೆ ಸಾಲುಕೋಣೆ ಕಟ್ಟಿದರು. ದಂಡೇನೂ ಬರಲಿಲ್ಲ. ಗಡಿ ಇನ್ನೆಲ್ಲಿಗೋ ಸರಿಯಿತು, ದೊರೆಗಳು ಗಂಟುಮೂಟೆ ಕಟ್ಟಿಕೊಂಡು ಹೋದರು. ಖಾಲಿ ಬಿದ್ದ ಕೋಣೆಗಳಿಗೆ ಗಾರೆಯವರು, ಹಮಾಲರು, ಒಬ್ಬ ದರ್ಜಿ, ಹೀಗೆ ಕೈಕೆಲಸದ ಜನ ಬಂದು ಸೇರಿಕೊಂಡರು. ಬಂದೂಕಿನ ನಳಿಗೆ ತೂರಿಸಲೆಂದು ಗೋಡೆಯಲ್ಲಿ ಬಿಟ್ಟಿದ್ದ ಕಂಡಿ ಹೊರಗೆ ಬೆರಳಗಲ, ಒಳಗೆ ಮೊಳದಗಲ. ಸುಣ್ಣದಕ್ಕನ ಮನೆಯಲ್ಲಿ ಅದರೊಳಗೆ ಬೆಂಕಿಪೊಟ್ಟಣ, ಬಾಚಣಿಗೆ, ತಮ್ಮನ ಬೀಡಿಕಟ್ಟು ಇರುತ್ತಿದ್ದವು.

ಕೋಟೆಯ ಒಳಗೊಂದು ಚರ್ಚು. ಸಿಪಾಯಿಗಳಿಗೆಂದು ಅವಸರದಲ್ಲಿ ಕಟ್ಟಿದ್ದು. ಕಲ್ಲು ಉಳಿಸಲು ಕೋಟೆಯ ಗೋಡೆಯನ್ನೇ ಅದರ ಹಿಂಗೋಡೆ ಮಾಡಿಕೊಂಡಿದ್ದರು. ಬೆಂಚುಗಳ ಬೆನ್ನಿಗೆ ಬಂದೂಕು ಒರಗಿಸುವ ಕಚ್ಚುಗಳಿದ್ದವು. ಪ್ರಾರ್ಥನೆಯ ನಡುವೆ ಯಾರಾದರೂ ಮೇಲೆ ಬಿದ್ದರೆ ಕೈಗೆ ಸಿಗಬೇಕಲ್ಲ. ಪಕ್ಕದ ಗೋಡೆಗಳ ತುಂಬ ಸಿಪಾಯಿಗಳ ಹೆಸರು ಕೆತ್ತಿದ ಕಲ್ಲಿನ ಫಲಕಗಳು. ಸತ್ತವರೆಲ್ಲ ಹತ್ತೊಂಬತ್ತು, ಇಪ್ಪತ್ತೆರಡರ ಹುಡುಗರು, ಹೆಚ್ಚಿನವರು ಜ್ವರ ಬಂದು ಸತ್ತವರು ಎಂದು ಪಾದ್ರಿ ಓದಿ ಹೇಳಿದ್ದರು. ಓದಲು ಬಾರದ ಸುಣ್ಣದಕ್ಕನಿಗೆ ಆ ಫಲಕಗಳ ಅಂಚುಗಳು ಮಾತ್ರ ಗೊತ್ತು. ಸುಣ್ಣ ಬಳಿಯುವಾಗ ಅವುಗಳ ಮೇಲೆ ಒಂದು ಹನಿಯೂ ಬೀಳದಂತೆ ಒದ್ದೆಬಟ್ಟೆ ಹೊದಿಸುವುದು ಅವಳ ಕೆಲಸವಾಗಿತ್ತು.

ಅಪ್ಪ ಗಾರೆ ಮೇಸ್ತ್ರಿ. ಚರ್ಚಿನ ಸುಣ್ಣದ ಕೆಲಸವೆಲ್ಲ ಅವನದೇ. ಅವಳಿಗೆ ಹತ್ತು ವರ್ಷವಾದಾಗ ಅಮ್ಮ ತಮ್ಮನನ್ನು ಹೆತ್ತು ಮೂರೇ ದಿನಕ್ಕೆ ಕಣ್ಣು ಮುಚ್ಚಿದಳು. ಕೂಸು ಅಕ್ಕನ ಸೊಂಟಕ್ಕೆ ಬಂತು. ಬಾಟಲಿ ಹಾಲು ಕುಡಿಸಿದ್ದು, ಕಕ್ಕ ತೊಳೆದದ್ದು, ಹಲ್ಲು ಬರುವಾಗ ಹಗಲೆಲ್ಲ ಹೊತ್ತು ತಿರುಗಿದ್ದು ಎಲ್ಲ ಅವಳೇ. ಮಾತು ಬಂದಾಗ ಅವನು ಮೊದಲು ಆಡಿದ್ದು ‘ಅಕ್ಕ’. ಅಪ್ಪ ನಗುತ್ತ, "ನನ್ನ ಹೆಸರು ಹೇಳೋಕೆ ಇವನಿಗೆ ಇನ್ನೂ ಎರಡು ವರ್ಷ ಬೇಕು," ಎಂದಿದ್ದ.

ಹತ್ತೊಂಬತ್ತಕ್ಕೆ ಅವಳಿಗೆ ಮದುವೆ ಗೊತ್ತಾಯಿತು. ಹುಡುಗ ಬಡಗಿ, ಚರ್ಚಿನ ಬೆಂಚುಗಳ ರಿಪೇರಿಗೆ ಬಂದಿದ್ದವನು. ಅವನು ಬೆಂಚಿಗೆ ಮೊಳೆ ಹೊಡೆಯುತ್ತಿದ್ದ, ಇವಳು ಗಾರೆ ಕಲಸುತ್ತ ಹಾಡಿಕೊಳ್ಳುತ್ತಿದ್ದಳು. ಒಂದು ದಿನ ಹಾಡು ನಿಲ್ಲಿಸಿದಾಗ ಅವನೂ ಸುತ್ತಿಗೆ ನಿಲ್ಲಿಸಿ, "ಯಾಕೆ, ಸರಕು ಮುಗಿದುಹೋಯ್ತಾ?" ಎಂದ. ಅಷ್ಟರಿಂದ ಶುರುವಾಗಿ ದೊಡ್ಡವರ ಮಾತುಕತೆಯವರೆಗೆ ಹೋಯಿತು. ಅವನ ಊರು ಬಸ್ಸಿನಲ್ಲಿ ಒಂದು ದಿನದ ದಾರಿ. ತಮ್ಮನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಒಂಬತ್ತು ವರ್ಷದ ಹುಡುಗನಿಗೆ ಹೇಳುವುದೇನು ಎಂದುಕೊಂಡರು.

ಮದುವೆಗೆ ಐದು ದಿನವಿತ್ತು. ಚರ್ಚಿನ ಕೆಲಸ ಮುಗಿಸಿಕೊಡಬೇಕೆಂದು ಅಪ್ಪ ಅವಳನ್ನು ಅಂಗಳದ ಕಲ್ಲಿನ ತೊಟ್ಟಿಯ ಹತ್ತಿರ ಕೂರಿಸಿದ್ದ. ಸುಟ್ಟ ಸುಣ್ಣದ ಕಲ್ಲನ್ನು ಸಣ್ಣಸಣ್ಣದಾಗಿ ನೀರಿಗೆ ಬಿಡಬೇಕು. ನೀರು ಬೆಂಕಿಯಿಲ್ಲದೆಯೇ ಕೊತಕೊತ ಕುದಿದು ಕಲ್ಲು ಅರಳುತ್ತದೆ. ದೊಡ್ಡ ಗಡ್ಡೆ ಹಾಕಿದರೆ ಸಿಡಿಯುತ್ತದೆ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು. ತೊಟ್ಟಿಯ ಪಕ್ಕದ ಹಗ್ಗದ ಮೇಲೆ ಅವಳ ಮದುವೆಯ ಹೊಸಬಟ್ಟೆ ಬಿಸಿಲಿಗೆ ಹಾಕಿತ್ತು. ತಮ್ಮ ತಲೆಗಾತ್ರದ ಗಡ್ಡೆಯೊಂದನ್ನು ಎದೆಗವಚಿಕೊಂಡು ಬಂದ. ತೊಟ್ಟಿಗೆ ಬಿತ್ತು. ಅವಳು ಬಗ್ಗಿ ಕಲಕುತ್ತಿದ್ದಳು.

ಅಪ್ಪ ಅವಳ ಮುಖಕ್ಕೆ ಕೊಡದ ಮೇಲೆ ಕೊಡ ನೀರು ಸುರಿದ. ಬಲಗಣ್ಣು ಉಳಿಯಿತು. ಎಡಗಣ್ಣು ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗಾಯಿತು. "ಕೈ ಜಾರಿತು, ಕೈ ಜಾರಿತು," ಎಂದು ಹುಡುಗ ಮೂರು ದಿನ ಜ್ವರದಲ್ಲಿ ಕನವರಿಸಿದ. ಆಸ್ಪತ್ರೆಯಿಂದ ಬಂದ ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಿನ್ನ ತಪ್ಪಲ್ಲ ಪುಟ್ಟ, ಅಷ್ಟು ಭಾರ ಯಾಕೆ ಹೊರೋಕೆ ಹೋದೆ?" ಎಂದು ಸಮಾಧಾನ ಮಾಡಿದಳು.

ಬಡಗಿ ಮೂರು ಸಲ ಬಂದ. ಮೂರನೆಯ ಸಲ ನೆಲ ನೋಡುತ್ತ ಕೂತು, "ಅಮ್ಮ ಒಪ್ತಾ ಇಲ್ಲ," ಎಂದ.

"ನೀನು?" ಎಂದು ಕೇಳಿದಳು.

ಅವನು ಚೀಲ ಹೆಗಲಿಗೇರಿಸಿಕೊಂಡು ಎದ್ದ. ಅವಳು ಬಾಗಿಲವರೆಗೂ ಹೋಗಲಿಲ್ಲ. ಆಮೇಲೆ ಬೇರೆ ಯಾರೂ ಕೇಳಿಕೊಂಡು ಬರಲಿಲ್ಲ, ಅವಳೂ ಕಾಯಲಿಲ್ಲ.

ಅಪ್ಪ ಹೋದ ಮೇಲೆ ತಮ್ಮನೇ ಮೇಸ್ತ್ರಿಯಾದ. ಕೈ ಅಪ್ಪನಿಗಿಂತ ನಯ. ಊರಿಗೆಲ್ಲ ಸಿಮೆಂಟು ಬಂದಾಗ ಅವನೂ ಹೊಟ್ಟೆಪಾಡಿಗೆ ಸಿಮೆಂಟಿನ ಕೆಲಸ ಮಾಡಿದ. ಸುಣ್ಣದ ಹದ ಮಾತ್ರ ಅಕ್ಕನ ಕೈಯಲ್ಲೇ ಉಳಿಯಿತು. ಹಳೇ ಕಟ್ಟಡದ ಕೆಲಸವಿದ್ದಾಗಲೆಲ್ಲ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಸುಣ್ಣದಕ್ಕ ಎಂಬ ಹೆಸರು ಬಿದ್ದದ್ದು ಹಾಗೆ. ತಮ್ಮ ಅವಳನ್ನು ನೋಡಿಕೊಂಡ ರೀತಿಗೆ ಸಾಲುಕೋಣೆಯ ಹೆಂಗಸರು ತಂತಮ್ಮ ಗಂಡುಮಕ್ಕಳಿಗೆ ಅವನನ್ನೇ ತೋರಿಸಿ ಬೈಯುತ್ತಿದ್ದರು. ಮೀನು ತಂದರೆ ದೊಡ್ಡ ತುಂಡು ಅಕ್ಕನಿಗೆ. ಮದುವೆಗೆ ಹುಡುಗಿ ನೋಡಲು ಹೋದಾಗ ಅವನು ಕೇಳಿದ್ದು ಒಂದೇ ಮಾತು: "ನಮ್ಮಕ್ಕ ನಮ್ಮ ಜೊತೇಲೇ ಇರ್ತಾಳೆ. ಆಗುತ್ತಾ?" ಆ ಹುಡುಗಿ ಆಗುತ್ತೆ ಎಂದಳು, ಆಗಿಸಿಯೂ ತೋರಿಸಿದಳು. ಅವರಿಗೆ ಮಕ್ಕಳಾಗಲಿಲ್ಲ. ಮೂವರೂ ಒಂದೇ ಒಲೆಯ ಮುಂದೆ ಇಪ್ಪತ್ತೈದು ವರ್ಷ ಉಂಡರು.

ಚರ್ಚನ್ನೂ ಕೋಟೆಯನ್ನೂ ಸರಕಾರ ವಶಕ್ಕೆ ತೆಗೆದುಕೊಂಡು ರಿಪೇರಿ ಶುರುಮಾಡಿದಾಗ ಮೊದಲು ಅವರಿಗೆ ಖುಷಿಯೇ ಆಯಿತು. ಮೇಲ್ವಿಚಾರಣೆಗೆ ಬಂದವಳು ಮೂವತ್ತರ ಇಂಜಿನಿಯರಮ್ಮ. ಹಿಂದೆ ಯಾರೋ ಚರ್ಚಿನ ಹಿಂಗೋಡೆಗೆ ಸಿಮೆಂಟು ಬಳಿದು ಕಲ್ಲಿನ ಉಸಿರು ಕಟ್ಟಿಸಿದ್ದರು; ಗೋಡೆ ಒಳಗೊಳಗೇ ನೀರು ಕುಡಿದು ಉಪ್ಪು ಕಾರುತ್ತಿತ್ತು. ಅದನ್ನೆಲ್ಲ ಕೆತ್ತಿ ಮತ್ತೆ ಸುಣ್ಣದ ಗಾರೆಯನ್ನೇ ಮೆತ್ತಬೇಕಿತ್ತು. ಇಂಜಿನಿಯರಮ್ಮ ಸುಣ್ಣದಕ್ಕನ ತೊಟ್ಟಿಯೊಳಗೆ ಬೆರಳದ್ದಿ ನೋಡಿ, "ಅಕ್ಕ, ಇದು ಬೆಣ್ಣೆ ಇದ್ದ ಹಾಗಿದೆಯಲ್ರೀ," ಎಂದಳು.

"ನೆಕ್ಕಿಬಿಟ್ಟೀಯಮ್ಮ. ಆಮೇಲೆ ಸರಕಾರಕ್ಕೆ ನಾನೇ ಜವಾಬು ಹೇಳಬೇಕು," ಎಂದಳು ಸುಣ್ಣದಕ್ಕ.

ಎರಡು ತಿಂಗಳಾದ ಮೇಲೆ ಅದೇ ಇಂಜಿನಿಯರಮ್ಮ ಕಾಗದ ಹಿಡಿದುಕೊಂಡು ಬಂದಳು. ಕೋಟೆಯ ಕೋಣೆಗಳಲ್ಲಿರುವವರೆಲ್ಲ ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು. ಊರಾಚೆ ಎಲ್ಲರಿಗೂ ಮನೆ ಕಟ್ಟಿಸಿದ್ದಾರೆ. "ನನ್ನ ಕೈಯಲ್ಲಿಲ್ಲ ಅಕ್ಕ," ಎಂದಳು. ಮುಖ ಸಪ್ಪಗಾಗಿತ್ತು. ಸುಣ್ಣದಕ್ಕ ಅವಳನ್ನು ಕೂರಿಸಿ ನೀರು ಕೊಟ್ಟಳು. ಮೇಸ್ತ್ರಿ ತಮ್ಮ ಮಾತ್ರ ಎದ್ದು ಅಂಗಳಕ್ಕೆ ಹೋದ. ಅವನಿಗೆ ಆಗಲೇ ಎದೆನೋವು ಶುರುವಾಗಿತ್ತು. ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದಿದ್ದರು, ಅವನು ಗೋಡೆಗೆ ಮರ ಕಟ್ಟಿ ನಿಲ್ಲಿಸಿದ ಸಾರುವೆ ಹತ್ತುತ್ತಿದ್ದ. ಈ ವಿಷಯ ಹೆಂಡತಿಗೆ ಗೊತ್ತಿತ್ತು, ಅಕ್ಕನಿಗೆ ಹೇಳಿರಲಿಲ್ಲ.

ಮುಂದಿನ ಭಾನುವಾರ ಅಕ್ಕ ತಮ್ಮ ಇಬ್ಬರೂ ಅಂಗಳ ಖಾಲಿ ಮಾಡುತ್ತಿದ್ದರು. ಅಪ್ಪನ ಕಲ್ಲಿನ ತೊಟ್ಟಿಯನ್ನು ಎತ್ತಲಾಗದು, ಹೊಸ ಮನೆಯಲ್ಲಿ ಇಡಲು ಜಾಗವೂ ಇಲ್ಲ. ಮೇಸ್ತ್ರಿ ಅದರ ಅಂಚಿನ ಮೇಲೆ ಕೂತ.

"ಅಕ್ಕ, ಒಂದು ಮಾತು."

"ಕೈ ನಿಲ್ಲಿಸದೆ ಹೇಳು. ಸಂಜೆಯೊಳಗೆ ಮುಗೀಬೇಕು."

"ಅವತ್ತು ನನ್ನ ಕೈ ಜಾರಲಿಲ್ಲ."

ಅವಳು ಹಳೇ ಬಾಂಡ್ಲಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ಕೈ ನಿಂತಿತು.

"ತೊಟ್ಟಿಗೆ ಎತ್ತಿ ಹಾಕಿದೆ. ನಿನಗೆ ಅಂತಲ್ಲ ಅಕ್ಕ, ಆ ಮದುವೆ ಬಟ್ಟೆಗೆ. ಸಿಡಿದು ಬಟ್ಟೆ ಸುಟ್ಟುಹೋಗಲಿ ಅಂತ. ನೀನು ಹೋಗಿಬಿಡ್ತೀಯ ಅಂತ ದರ್ಜಿ ಹೇಳಿದ್ದ. ನೀನು ಬಗ್ಗಿದ್ದನ್ನ ನಾನು ನೋಡಲೇ ಇಲ್ಲ."

ಅವಳು ಕೈಯಲ್ಲಿದ್ದ ಬಾಂಡ್ಲಿಯನ್ನು ನೆಲಕ್ಕಿಟ್ಟಳು.

"ಬಟ್ಟೆ ಸುಟ್ಟರೆ ಮದುವೆ ನಿಂತುಹೋಗುತ್ತೆ ಅಂದ್ಕೊಂಡ್ಯಾ?"

"ಹೂಂ. ನನಗೆ ಒಂಬತ್ತು ವರ್ಷ ಅಕ್ಕ."

"ಆಮೇಲೆ ಹತ್ತಾಯ್ತು," ಎಂದಳು ಸುಣ್ಣದಕ್ಕ. "ಇಪ್ಪತ್ತಾಯ್ತು. ಐವತ್ತಾಯ್ತು."

ಬಾಂಡ್ಲಿಗಳನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ತಮ್ಮನ ಜೊತೆ ಅವಳು ಆಡಿದ ಕೊನೆಯ ಮಾತು ಅದು.

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅವಳು ಬೈಯಲಿಲ್ಲ. ಕೆಲಸ ಬಿಡಲಿಲ್ಲ. ಬೆಳಿಗ್ಗೆ ಎಂಟಕ್ಕೆ ಚರ್ಚಿಗೆ ಬರುವುದು, ಸುಣ್ಣಕ್ಕೆ ಮರಳು ಬೆರೆಸಿ ಕುಟ್ಟುವುದು, ಬಾಂಡ್ಲಿ ತುಂಬಿ ಸಾರುವೆಯ ಬುಡದಲ್ಲಿಡುವುದು, ಎಲ್ಲ ಮೊದಲಿನಂತೆಯೇ. ಬಾಯಿಗೆ ಮಾತ್ರ ಬೀಗ. ಅವಳ ತಲೆಯೊಳಗೆ ಸುತ್ತುತ್ತಿದ್ದದ್ದು ಕಣ್ಣಲ್ಲ. ಕಣ್ಣಿನ ದುಃಖ ಎಂದೋ ಮುಗಿದಿತ್ತು. ಆ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಅವನನ್ನು ಸಮಾಧಾನ ಮಾಡಿದ್ದೆನಲ್ಲ, ಅವನು ಮಾಡಿಸಿಕೊಂಡನಲ್ಲ, ಅದು. ಆ ದೊಡ್ಡ ಮೀನಿನ ತುಂಡುಗಳೆಲ್ಲ ಪ್ರೀತಿಯೋ, ತಪ್ಪಿಗೆ ಕಟ್ಟಿದ ದಂಡವೋ ಎಂಬುದು ಈಗ ಬೇರ್ಪಡಿಸಲು ಬಾರದಂತೆ ಕಲಸಿಹೋಗಿತ್ತು.

ಮೇಸ್ತ್ರಿ ನಾನಾ ರೀತಿ ಪ್ರಯತ್ನಪಟ್ಟ. ಚಹಾ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದ. ಅವಳು ಕುಡಿಯುತ್ತಿದ್ದಳು, ಲೋಟ ತಿರುಗಿಸಿ ಕೊಡುತ್ತಿರಲಿಲ್ಲ. ಸಾರುವೆಯ ಮೇಲಿಂದ ತನ್ನಷ್ಟಕ್ಕೇ ಎಂಬಂತೆ, "ಈ ಮೂಲೆ ಅಪ್ಪ ಮೆತ್ತಿದ್ದೇ ಇರಬೇಕು, ಎಷ್ಟು ನುಣುಪು ನೋಡು," ಎನ್ನುತ್ತಿದ್ದ. ಒಂದು ಮಧ್ಯಾಹ್ನ ಹೊಸ ಮನೆಗೆ ಹೋಗಿ ಅವಳ ಮಂಚ ಬರುವ ಕಡೆ, ಅವಳ ಕೈಗೆ ಎಟಕುವ ಎತ್ತರದಲ್ಲಿ ಬಟ್ಟೆ ತೂಗುಹಾಕಲು ಗೂಟ ಹೊಡೆದು ಬಂದ. ಅವನ ಹೆಂಡತಿ ಅದನ್ನು ಬಂದು ಹೇಳಿದಳು. "ಅತ್ತಿಗೆ, ನಿಮ್ಮಿಬ್ಬರ ನಡುವೆ ನಾನೆಷ್ಟು ದಿನ ಅಂತ ಟಪಾಲು ಹಂಚಲಿ? ಕಾಲು ಸೋತುಹೋಗಿವೆ," ಎಂದಳು. ಸುಣ್ಣದಕ್ಕನಿಗೆ ನಗು ಬಂತು. ನುಂಗಿಕೊಂಡಳು. ಇನ್ನೆರಡು ದಿನ ಕಳೆಯಲಿ, ಆಮೇಲೆ ಚೆನ್ನಾಗಿ ಬೈದು ಮಾತಾಡಿಸಿದರಾಯಿತು ಎಂದುಕೊಂಡಳು. ನಿಜ, ಹಾಗೆಯೇ ಅಂದುಕೊಂಡಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತರ ಸುಮಾರು. ಹಿಂಗೋಡೆಯ ಮೇಲ್ಭಾಗದಲ್ಲಿ ಒಂದು ಬಾಗಿಲಿನಷ್ಟು ಜಾಗ ಮಾತ್ರ ಉಳಿದಿತ್ತು. ಮೇಸ್ತ್ರಿ ಅರ್ಧ ಮೆತ್ತಿ, ಸಾರುವೆಯಿಂದ ನಿಧಾನವಾಗಿ ಇಳಿದು ಬಂದ. ಮೊದಲ ಬೆಂಚಿನ ಮೇಲೆ ಕೂತು ನೀರು ಕುಡಿದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಅಕ್ಕ, ಗಾರೆ ಸ್ವಲ್ಪ ಗಟ್ಟಿಯಾಯ್ತು," ಎಂದ.

ಅವಳು ಸಲಿಕೆ ಎತ್ತಿಕೊಂಡಳು. ಗಾರೆಯ ಮೇಲೆ ನೀರು ಚಿಮುಕಿಸಿ ಸಲಿಕೆಯಿಂದ ತಿರುವಿದಳು. ಇನ್ನೊಮ್ಮೆ ತಿರುವಿದಳು. ಹದ ಬಂತು. ಬಾಂಡ್ಲಿ ತುಂಬಿ ತಿರುಗಿ ನೋಡಿದರೆ ಅವನು ಬೆಂಚಿಗೆ ಒರಗಿ ಮಲಗಿದಂತಿದ್ದ. ಲೋಟ ನೆಲದ ಮೇಲೆ ಉರುಳಿತ್ತು. ಹತ್ತಿರ ಹೋಗಿ ಭುಜ ಮುಟ್ಟಿದಳು.

"ಪುಟ್ಟ," ಎಂದಳು. "ಏ ಪುಟ್ಟ. ಗಾರೆ ಹದವಾಯ್ತು ಕಣೋ, ಏಳು."

ಆಮೇಲೆ ಅವಳು ಹಾಕಿದ ಕೂಗಿಗೆ ಕೋಟೆಯ ಬಾಗಿಲಲ್ಲಿ ಕಾಗದ ನೋಡುತ್ತಿದ್ದ ಇಂಜಿನಿಯರಮ್ಮ ಓಡಿ ಬಂದಳು, ಪಾದ್ರಿ ಬಂದರು. ಮಾಡುವಂಥದ್ದೇನೂ ಉಳಿದಿರಲಿಲ್ಲ.

ಮರುದಿನ ಮಣ್ಣು ಮಾಡಿದರು. ಸುಣ್ಣದಕ್ಕ ಅಳಲಿಲ್ಲ, ತಮ್ಮನ ಹೆಂಡತಿ ಇವಳ ತೋಳು ಹಿಡಿದುಕೊಂಡು ಇಬ್ಬರ ಪಾಲಿನದನ್ನೂ ಅತ್ತಳು. ಅದರ ಮರುದಿನ ಬೆಳಿಗ್ಗೆ ಎಂಟಕ್ಕೆ ಸುಣ್ಣದಕ್ಕ ಚರ್ಚಿನಲ್ಲಿದ್ದಳು. ಅರ್ಧ ಮೆತ್ತಿದ ಗೋಡೆ ಪೂರ್ತಿ ಒಣಗಿಬಿಟ್ಟರೆ ಹೊಸ ಗಾರೆ ಹಳೆಯದನ್ನು ಕಚ್ಚುವುದಿಲ್ಲ, ಅಲ್ಲೇ ಬಿರುಕು ಬಿಡುತ್ತದೆ. ಅವಳು ಗಾರೆ ಮೆತ್ತುವ ಕರಣೆ ಹಿಡಿದು ಸಾರುವೆಗೆ ಕಾಲಿಟ್ಟಾಗ ಇಂಜಿನಿಯರಮ್ಮ ಅಡ್ಡ ನಿಂತಳು.

"ಬೇಡ ಅಕ್ಕ. ಬೇರೆ ಮೇಸ್ತ್ರಿ ಕರೆಸ್ತೀನಿ. ಈ ವಯಸ್ಸಲ್ಲಿ, ಅದೂ ಒಂದು ಕಣ್ಣಲ್ಲಿ..."

"ಗೋಡೆ ಕೆಲಸಕ್ಕೆ ಕಣ್ಣು ಯಾಕಮ್ಮ? ಅಂಗೈ ಸಾಕು," ಎಂದಳು. "ಸರಿ, ಕೆಳಗೆ ನಿಂತು ಹಿಡ್ಕೊ. ಬಿದ್ದರೆ ನಿನ್ನ ಮೇಲೇ ಬೀಳ್ತೀನಿ."

ಮೇಲೆ ಹೋಗಿ ಹಲಗೆಯ ಮೇಲೆ ಕೂತು ಗೋಡೆಗೆ ಅಂಗೈ ಇಟ್ಟಳು. ಗಾರೆಯ ಅಂಚಿನಲ್ಲಿ ತಮ್ಮನ ಬೆರಳುಗಳಿದ್ದವು. ಮೆತ್ತುವುದು ನಿಲ್ಲಿಸಿದ ಕಡೆ ಅಂಚನ್ನು ಬೆರಳಿನಿಂದ ಒತ್ತಿ ಬಿಡುವುದು ಅವನ ರೂಢಿ. ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಪಕ್ಕದಲ್ಲಿ, ಅಡಿಯಿಂದ ಮೇಲಿನವರೆಗೆ ಸಾಲಾಗಿ ಹದಿನಾಲ್ಕು ಸಲ ಒತ್ತಿದ್ದ. ಕಿರುಬೆರಳಿನ ಸೊಟ್ಟವೂ ಕಾಣುತ್ತಿತ್ತು. ಹೊಸ ಗಾರೆ ಕೂರಬೇಕಾದರೆ ಆ ಅಂಚನ್ನು ನೀರಿನಿಂದ ನೆನೆಸಿ, ಕರಣೆಯ ಮೂತಿಯಿಂದ ಕೆರೆದು ಒರಟು ಮಾಡಬೇಕು. ಬೇರೆ ದಾರಿಯಿಲ್ಲ.

ಇಂಜಿನಿಯರಮ್ಮ ಕೆಳಗೆ ತುಂಬ ಹೊತ್ತು ಕಾದಳು. ಮೇಲಿಂದ ಸದ್ದಿಲ್ಲ. ಕೊನೆಗೆ ಕರಕರ ಎಂದು ಕೆರೆಯುವ ಸದ್ದು ಶುರುವಾಯಿತು. ಅದರ ನಡುವೆ ಸುಣ್ಣದಕ್ಕ ಅಳುತ್ತಿದ್ದದ್ದು ಕೇಳಿಸಿತು. ಒಂದು ಗುರುತು ಅಳಿಸುವುದು, ಅಳುವುದು, ಮುಂದಿನದಕ್ಕೆ ಹೋಗುವುದು. ಇಂಜಿನಿಯರಮ್ಮ ಸಾರುವೆಯ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಳು. ಊಟದ ಹೊತ್ತಿಗೆ ಗೋಡೆ ಮುಗಿದಿತ್ತು. ಒದ್ದೆ ಗೋಣಿತಾಟು ಹೊದಿಸಿ ಸುಣ್ಣದಕ್ಕ ಇಳಿದು ಬಂದಳು.

ತಿಂಗಳ ಕೊನೆಗೆ ಹೆಂಗಸರಿಬ್ಬರೂ ಊರಾಚೆಯ ಮನೆಗೆ ಹೋದರು. ನೆಟ್ಟಗಿನ ಗೋಡೆ, ತಗಡಿನ ಬಾಗಿಲು, ನಲ್ಲಿ. ಸುಣ್ಣದಕ್ಕ ತನ್ನ ಬಟ್ಟೆಯ ಚೀಲವನ್ನು ಆ ಗೂಟಕ್ಕೆ ತಗುಲಿಸಿದಳು, ಮಂಚದ ಮೇಲೆ ಕೂತಳು.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದಳು.

ತಮ್ಮನ ಹೆಂಡತಿ ಪಾತ್ರೆ ಜೋಡಿಸುತ್ತಿದ್ದಳು. ಯಾವುದು ಎಂದು ಕೇಳಲಿಲ್ಲ. "ಮದುವೆಯಾದ ವಾರದಲ್ಲೇ ಹೇಳಿದ್ರು ಅತ್ತಿಗೆ. ಅಕ್ಕನಿಗೆ ಹೇಳಿಬಿಡಿ ಅಂತ ಎಷ್ಟೋ ಸಲ ಅಂದೆ. ಹೇಳಿದ್ರೆ ಅವಳು ಎದ್ದು ಹೋಗ್ತಾಳೆ ಅಂತಿದ್ರು."

"ಎಲ್ಲಿಗೆ ಹೋಗ್ತಿದ್ದೆ ನಾನು?"

"ನಾನೂ ಅದನ್ನೇ ಕೇಳಿದೆ. ಅವರಿಗೆ ಆ ಭಯ ಹೋಗಲೇ ಇಲ್ಲ. ನೀವು ಬಾವಿಗೆ ಹೋಗಿ ಸ್ವಲ್ಪ ತಡವಾದರೂ ಬಾಗಿಲಿಗೆ ಬಂದು ನಿಲ್ತಿದ್ರು."

ಸುಣ್ಣದಕ್ಕ ಗೋಡೆಯ ಕಡೆ ನೋಡುತ್ತ ಕೂತಳು. "ಎದೆನೋವಿತ್ತು ಅಂತಲೂ ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ರು. ನನಗೆ ಬೈಯಿರಿ ಅತ್ತಿಗೆ."

ಬೈದಳು. ಹೊಸ ಮನೆಯ ಮೊದಲ ಸಂಜೆ ಅಕ್ಕಪಕ್ಕದವರಿಗೆ ಕೇಳುವಂತೆ, ನಲವತ್ತಮೂರು ವರ್ಷದ್ದನ್ನೆಲ್ಲ ಸೇರಿಸಿ ಬೈದಳು. ಆಮೇಲೆ ಇಬ್ಬರೂ ಅನ್ನಕ್ಕಿಟ್ಟರು.

ಚರ್ಚು ಮತ್ತೆ ತೆರೆದ ದಿನ ದೊಡ್ಡ ಅಧಿಕಾರಿಯೊಬ್ಬರು ಇಲಾಖೆಯನ್ನು ಹೊಗಳಿ ಮಾತಾಡಿದರು. ಇಂಜಿನಿಯರಮ್ಮ ಎದ್ದು ಗಾರೆ ಮೇಸ್ತ್ರಿಯ ಕೆಲಸವನ್ನು ನೆನೆದಳು, ಕೊನೆಯ ಬೆಂಚಿನಲ್ಲಿದ್ದ ಸುಣ್ಣದಕ್ಕನ ಕಡೆ ಕೈತೋರಿಸಿದಳು. ಜನ ತಿರುಗಿ ನೋಡಿದರು. ಹಿಂಗೋಡೆಯ ಮೇಲೆ ಎಲ್ಲಿ ಒಬ್ಬರ ಕೈ ನಿಂತು ಇನ್ನೊಬ್ಬರದು ಶುರುವಾಗಿದೆ ಎಂದು ಯಾರೂ ಹೇಳುವಂತಿರಲಿಲ್ಲ.

ಅವಳು ಆಮೇಲೆ ಆರು ವರ್ಷ ಬದುಕಿದಳು. ಇಂಜಿನಿಯರಮ್ಮ ಬೇರೆ ಊರುಗಳ ಹಳೇ ಕಟ್ಟಡಗಳಿಗೆ ಕರೆದುಕೊಂಡು ಹೋಗಿ, ಹೊಸ ಕೆಲಸಗಾರರಿಗೆ ಸುಣ್ಣದ ಹದ ಕಲಿಸಲು ಕೂರಿಸುತ್ತಿದ್ದಳು. ಒಮ್ಮೆ ಪ್ರಯಾಣದಲ್ಲಿ, ಸುಣ್ಣದಕ್ಕನ ಬಾಯಿಂದಲೇ ಆ ಕಥೆಯೆಲ್ಲ ಕೇಳಿದವಳು, ತಮ್ಮನನ್ನು ಕ್ಷಮಿಸಿದಿರಾ ಎಂದು ಹಿಂಜರಿಯುತ್ತಲೇ ಕೇಳಿದಳಂತೆ. "ಅದು ನನಗೇ ಗೊತ್ತಾಗಿಲ್ಲಮ್ಮ," ಎಂದಳಂತೆ ಸುಣ್ಣದಕ್ಕ. "ಕೆಲವು ದಿನ ಕ್ಷಮಿಸಿರ್ತೀನಿ, ಕೆಲವು ದಿನ ಇಲ್ಲ. ಆದರೆ ಆ ಹನ್ನೊಂದು ದಿನಕ್ಕೆ ನನ್ನನ್ನ ಯಾರು ಕ್ಷಮಿಸಬೇಕು ಹೇಳು."

ಮನೆಯಲ್ಲಿ ಹೆಂಗಸರಿಬ್ಬರಿಗೂ ಜಗಳಕ್ಕೆ ಬರವಿರಲಿಲ್ಲ. ಉಪ್ಪು ಹೆಚ್ಚಾಯಿತೆಂದು, ನಲ್ಲಿ ಬಿಟ್ಟುಬಂದೆಯೆಂದು. ಒಮ್ಮೆ ತಮ್ಮನ ಹೆಂಡತಿ ಮುಖ ಊದಿಸಿಕೊಂಡು ಬೆಳಿಗ್ಗೆಯಿಂದ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನದವರೆಗೆ ಸುಣ್ಣದಕ್ಕ ನೋಡಿದಳು. ಕಡೆಗೆ ಅವಳ ಮುಂದೆ ಹೋಗಿ ನಿಂತಳು.

"ಬೈಯೇ," ಎಂದಳು. "ಏನು ಬೇಕಾದರೂ ಅನ್ನು. ನನ್ನ ಮನೇಲಿ ಸುಮ್ಮನಿರಬೇಡ."

ಅವಳು ಈ ಮುದುಕಿಯ ಮುಖ ನೋಡಿದಳು, ಕೈಹಿಡಿದು ಕೂರಿಸಿದಳು.

"ಸಾರು ನಿಜವಾಗ್ಲೂ ಚೆನ್ನಾಗಿರಲಿಲ್ಲ ಅತ್ತಿಗೆ," ಎಂದಳು.

"ಹಾಗನ್ನು," ಎಂದಳು ಸುಣ್ಣದಕ್ಕ, "ಅಷ್ಟು ಹೇಳೋಕೆ ಮಧ್ಯಾಹ್ನ ಮಾಡಿದೆಯಲ್ಲೇ."